ಕೇಸರಿ ಇಲ್ಲದ ಹಸಿರು

“ಕಾಗದ ಮಾಡೋದು ಬಿಟ್ಟು ಕತ್ತೆ ಕಾಯೋಕೆ ಹೋಗು, ಖಿಜರಜ್ಜ! ನೀನು ಹಾಕಿದ್ದು ಗಂಜಿ ಅಲ್ಲ, ಹುಳಕ್ಕೆ ಬಡಿಸಿದ ಊಟ!”

ಕೂಗಿದವನು ನಾನು, ಯಾದ್ಗಾರ್. ನಮ್ಮ ದೊರೆ ಶಾಹರ ಗ್ರಂಥಶಾಲೆಯಲ್ಲಿ ಬಣ್ಣ ಅರೆಯುವವನು. ಬೈಸಿಕೊಂಡವನು ಐವತ್ತು ವರ್ಷದಿಂದ ಅಲ್ಲಿ ಕಾಗದಕ್ಕೆ ಗಂಜಿ ಹಾಕಿ ಹದ ಮಾಡುತ್ತಿದ್ದ ಖಿಜರ್, ಎಪ್ಪತ್ತೈದರ ಮುದುಕ.

“ಲೇ, ನಿಮ್ಮಪ್ಪ ತೊಟ್ಟಿಲಲ್ಲಿದ್ದಾಗಿಂದ ಕಾಗದ ತಿಕ್ತಾ ಇದ್ದೀನಿ ನಾನು,” ಎಂದ ಮುದುಕ. “ನನ್ನ ಕಾಗದ ನನ್ನ ಹಲ್ಲಿಗಿಂತ ಗಟ್ಟಿ.”

“ಬಾಯಲ್ಲಿ ಹಲ್ಲೆಲ್ಲಿದೆ ನಿಂಗೆ?”

“ಅದನ್ನೇ ಹೇಳ್ತಿರೋದು. ಹಲ್ಲು ಹೋಯ್ತು, ಕಾಗದ ಇದೆ.”

“ಎಲ್ಲಿದೆ? ಕಣ್ಣು ಬಿಟ್ಟು ನೋಡು, ಎಲ್ಲಿದೆ?” ಅಂತ ನಾನು ಪುಸ್ತಕ ಇಟ್ಟಿದ್ದ ಹಲಗೆಯನ್ನು ಅಂಗೈಯಿಂದ ಗುದ್ದಿದೆ.

ಗುದ್ದಬಾರದಿತ್ತು. ಸಿಟ್ಟು ಬಂದರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ.

ಹಲಗೆಯ ಮೇಲೆ ಶಾಹರ ದೊಡ್ಡ ಪುಸ್ತಕ ತೆರೆದಿತ್ತು. ತೆರೆದ ಹಾಳೆಯಲ್ಲಿ ಒಂದು ಅರಮನೆ, ಕೆಳಗೆ ಔತಣ, ಮೇಲೆ ಮೂಲೆಯಲ್ಲಿ ಒಂದು ಕಿಟಕಿ. ಕಿಟಕಿಯಲ್ಲಿ ಹಸಿರು ಚಾದರ ಹೊದ್ದ ಒಬ್ಬ ಹೆಂಗಸು ನಿಂತು ಕೆಳಗೆ ನೋಡುತ್ತಿದ್ದಳು. ಹೋದ ವರ್ಷದವರೆಗೆ ಹಾಗಿತ್ತು. ಈಗ ಆ ಹಸಿರು ಕಂದಾಗಿ, ಹೊತ್ತಿದ ರೊಟ್ಟಿಯ ಹಾಗೆ ಬಿರಿದು, ಕಾಗದವೇ ಪುಡಿಪುಡಿಯಾಗಿತ್ತು. ತೂತಿನಲ್ಲಿ ಹಿಂದಿನ ಹಾಳೆಯ ಅಕ್ಷರ ಕಾಣುತ್ತಿತ್ತು. ಅವಳ ಮುಖ ಮಾತ್ರ ಒಂದು ಎಳೆಯಲ್ಲಿ ತೂಗಾಡುತ್ತಿತ್ತು. ನಾನು ಗುದ್ದಿದ ಏಟಿಗೆ ಆ ಎಳೆಯೂ ಹರಿದು ಮುಖ ಕೆಳಗಿನ ಜಮಖಾನದ ಮೇಲೆ ಬಿತ್ತು. ಕಡಲೆಕಾಳಿನಷ್ಟು ದೊಡ್ಡ ಮುಖ.

“ಯಾರೂ ಅಲ್ಲಾಡಬೇಡಿ!” ಎಂದರು ನಮ್ಮ ಭಾವ.

ಅವರು ಉಸ್ತಾದ್ ನೇಮತ್. ಆ ಚಿತ್ರ ಬರೆದವರು. ನನ್ನ ಅಕ್ಕ ದಿಲ್‌ಶಾದಳ ಗಂಡ. ಅರವತ್ತು ದಾಟಿದ ಮನುಷ್ಯ ಮೊಣಕಾಲೂರಿ ಕೂತು, ಜಮಖಾನದ ಕೆಂಪು ಹೂಗಳ ಮೇಲೆ ಬೆರಳ ತುದಿಯಿಂದ ತಡಕಾಡಿದರು. ನಲವತ್ತು ವರ್ಷ ಬೆಕ್ಕಿನ ಕೂದಲಿನ ಕುಂಚ ಹಿಡಿದು ಇರುವೆಯ ಕಾಲು ಬರೆದ ಕಣ್ಣು ಈಗ ಮಂಜಾಗಿತ್ತು. ಮುಖವನ್ನು ಕಂಡದ್ದು ಕಣ್ಣಲ್ಲ, ಬೆರಳು. ಉಗುಳು ಹಚ್ಚಿದ ಬೆರಳಿಗೆ ಅಂಟಿಸಿ ಎತ್ತಿ, ಬಣ್ಣ ಇಡುವ ಖಾಲಿ ಚಿಪ್ಪಿನಲ್ಲಿ ಇಟ್ಟು, ಇನ್ನೊಂದು ಚಿಪ್ಪು ಮುಚ್ಚಿದರು.

ಅಷ್ಟು ಹೊತ್ತಿಗೆ ಗ್ರಂಥಶಾಲೆಯ ಮುಖ್ಯಸ್ಥ ಮೀರ್ಜಾ ಕವಾಮ್ ಬಂದರು. ಹೊಸ ವರ್ಷದ ನೌರೂಜ್ ಹಬ್ಬಕ್ಕೆ ಹತ್ತು ದಿನ ಉಳಿದಿತ್ತು. ಪ್ರತಿ ವರ್ಷ ಆ ವಾರದಲ್ಲೇ ನಾವು ಪುಸ್ತಕಗಳನ್ನು ಪೆಟ್ಟಿಗೆಯಿಂದ ತೆಗೆದು, ಹಾಳೆ ಹಾಳೆ ತಿರುಗಿಸಿ ಗಾಳಿಗೆ ಇಡುವುದು. ಹಬ್ಬಕ್ಕೆ ಮೊದಲು ಎಲ್ಲ ಸರಿಯಿದೆ ಅಂತ ಮೀರ್ಜಾ ಅರಮನೆಗೆ ತಿಳಿಸಬೇಕು.

“ಬಾಗಿಲು ಹಾಕಿ ಮೀರ್ಜಾ, ಧೂಳು,” ಎಂದರು ಭಾವ, ತಲೆ ಎತ್ತದೆ. ಬಾಗಿಲು ತೆರೆದಿಟ್ಟವನು ವಜೀರನಾದರೂ ಅವರು ಬಿಡುತ್ತಿರಲಿಲ್ಲ. ಒಣಗದ ಬಣ್ಣದ ಮೇಲೆ ಒಂದು ಕಣ ಧೂಳು ಕೂತರೆ ಆ ದಿನದ ಕೆಲಸ ಸತ್ತಂತೆ.

ಮೀರ್ಜಾ ಬಾಗಿಲು ಹಾಕಿ ಬಂದು ಹಾಳೆ ನೋಡಿದರು. “ಇಷ್ಟೇನಾ? ಇಡೀ ಬೀದಿಗೆ ಕೇಳೋ ಹಾಗೆ ಕೂಗ್ತಿದ್ದೀರಲ್ಲ, ರಾಜನ ತಲೆಯೇ ಹೋಯ್ತು ಅಂದ್ಕೊಂಡೆ. ಮೂಲೆಯಲ್ಲಿರೋ ಒಬ್ಬ ದಾಸಿ. ಹಿಂದಿನಿಂದ ಕಾಗದ ಅಂಟಿಸಿ, ಮೇಲೆ ಎರಡು ಕದ ಬರೆದುಬಿಡಿ. ಕಿಟಕಿ ಮುಚ್ಚಿತ್ತು ಅಂದ್ರಾಯ್ತು.”

“ಕಿಟಕಿ ಮುಚ್ಚಲ್ಲ,” ಎಂದರು ಭಾವ.

“ಉಸ್ತಾದ್, ಶಾಹ್ ಈಗ ಚಿತ್ರ ನೋಡೋದನ್ನೇ ಬಿಟ್ಟಿದ್ದಾರೆ. ನೋಡದೇ ಇರೋ ಪುಸ್ತಕದಲ್ಲಿ ಒಬ್ಬ ದಾಸಿ ಇದ್ರೇನು, ಹೋದ್ರೇನು?”

“ದಾಸಿ ಅಲ್ಲ ಅವಳು.” ಅಷ್ಟು ಹೇಳಿ ಭಾವ ಬಾಯಿ ಮುಚ್ಚಿಕೊಂಡರು. ಮುಂದಿನ ಮಾತು ಆಡುವಂತಿರಲಿಲ್ಲ.

ಮೀರ್ಜಾ ನಿಟ್ಟುಸಿರು ಬಿಟ್ಟರು. “ಆಗಲಿ. ಆದರೆ ಯಾರ ತಪ್ಪು ಅಂತ ನಾನು ಬರೀಬೇಕು. ಕಾಗದದ್ದಾ, ಬಣ್ಣದ್ದಾ?”

“ಕಾಗದದ್ದು,” ಎಂದೆ ನಾನು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ.

“ಗಂಜಿ ಕೆಟ್ಟಿದ್ರೆ...” ಅಂತ ಖಿಜರಜ್ಜ ಶುರುಮಾಡಿದ. ನಾನು ಅವನ ಮಾತಿನ ಮೇಲೆ ಮಾತು ಹಾಕಿದೆ. ಮುದುಕರ ದನಿ ಮುಳುಗಿಸುವುದು ಸುಲಭ.

ಮೀರ್ಜಾ ಭಾವನ ಕಡೆ ತಿರುಗಿದರು. “ನೀವು ಹೇಳಿ ಉಸ್ತಾದ್.”

ಭಾವ ಚಿಪ್ಪನ್ನು ಅಂಗೈಯಲ್ಲಿ ಮುಚ್ಚಿಕೊಂಡರು. “ಮೂವತ್ತು ವರ್ಷ ಯಾದ್ಗಾರನ ಕೈಯ ಬಣ್ಣ ಹಚ್ಚಿದ್ದೀನಿ. ಒಂದು ದಿನ ಕೆಟ್ಟಿದ್ದಿಲ್ಲ. ಅವನು ಕಾಗದದ್ದು ಅಂದ್ರೆ ಕಾಗದದ್ದೇ.”

ತೀರಿತು. ಖಿಜರಜ್ಜ ನಾಳೆಯಿಂದ ಬರುವುದು ಬೇಡ ಅಂತಾಯಿತು. ಅವನು ವಾದ ಮಾಡಲಿಲ್ಲ. ಕಾಗದಕ್ಕೆ ಮೆರುಗು ಕೊಡುವ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ಐವತ್ತು ವರ್ಷ ಅವನ ಕೈಯಲ್ಲಿ ಸವೆದು ಆ ಕಲ್ಲು ಕೋಳಿಮೊಟ್ಟೆಯಷ್ಟೇ ಆಗಿತ್ತು. ಬಾಗಿಲ ಬಳಿ ನನ್ನನ್ನು ದಾಟುವಾಗ ನಿಂತ.

“ಗಂಜಿ ಕೆಟ್ಟಿದ್ರೆ ಇಡೀ ಹಾಳೆ ಕೆಡಬೇಕಿತ್ತು ಕಣೋ,” ಎಂದ, ನನಗೊಬ್ಬನಿಗೇ ಕೇಳುವ ಹಾಗೆ. “ಇದು ಚಾದರ ಎಷ್ಟಿತ್ತೋ ಅಷ್ಟೇ ಬೆಂದಿದೆ. ಬೇಯಿಸಿದವನಿಗೆ ಗೊತ್ತಿರುತ್ತೆ.”

ಹೊರಗೆ ಹೋಗಿ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡ. ಧೂಳು ಒಳಗೆ ಬರಬಾರದು ಅಂತ.

ಬೇಯಿಸಿದವನಿಗೆ ಗೊತ್ತಿತ್ತು. ಹನ್ನೊಂದು ವರ್ಷದಿಂದ ಗೊತ್ತಿತ್ತು.

ನಾವು ಹಚ್ಚುವ ಹಸಿರು ಅಂದರೆ ತಾಮ್ರದ ಕಿಲುಬು. ತಾಮ್ರದ ತಗಡನ್ನು ದ್ರಾಕ್ಷಿಯ ಹುಳಿಯ ಮೇಲೆ ತೂಗುಹಾಕಿ ಮುಚ್ಚಿಟ್ಟರೆ ತಿಂಗಳಲ್ಲಿ ಹಸಿರು ಬೆಳೆಯುತ್ತದೆ. ಕೆರೆದು, ಅರೆದು, ಅಂಟು ಸೇರಿಸಬೇಕು. ನೋಡಲು ಅಷ್ಟು ಚೆಂದದ ಬಣ್ಣ ಬೇರೆ ಇಲ್ಲ, ಅಷ್ಟು ವಿಷದ್ದೂ ಇಲ್ಲ. ಹಾಗೇ ಬಿಟ್ಟರೆ ಕಾಗದವನ್ನು ಒಳಗಿಂದೊಳಗೇ ಸುಡುತ್ತದೆ. ಅದಕ್ಕೆ ಒಂದೇ ಔಷಧ, ಕೇಸರಿ. ಒಂದು ಚಿಟಿಕೆ ಕೇಸರಿ ನೆನೆಸಿದ ನೀರು ಬೆರೆತರೆ ಕಿಲುಬಿನ ಹಲ್ಲು ಮುರಿಯುತ್ತದೆ. ನಮ್ಮ ಊರಿನ ಮುಲ್ಲಾ ನನಗೆ ಅಕ್ಷರ ಕಲಿಸಿದ, ಅದರಲ್ಲಿ ಅರ್ಧ ಮರೆತಿದ್ದೇನೆ. ಇದನ್ನು ಮರೆತಿರಲಿಲ್ಲ. ಮರೆತಿದ್ದರೆ ಇಷ್ಟು ಪಾಪ ಇರುತ್ತಿರಲಿಲ್ಲ.

ಆಗ ನಾವು ತಬ್ರೀಜಿನಲ್ಲಿದ್ದೆವು. ಶಾಹರ ಜೊತೆ ಈ ಕಜ್ವೀನಿಗೆ ಬಂದದ್ದು ಆಮೇಲೆ. ನನ್ನ ಅಕ್ಕ ದಿಲ್‌ಶಾದ್ ಆ ಶರತ್ಕಾಲದಲ್ಲಿ ಸತ್ತಳು. ಮೂರು ದಿನದ ಜ್ವರ, ಅಷ್ಟೇ. ಮಕ್ಕಳಿರಲಿಲ್ಲ. ಸತ್ತವರ ಹೆಸರಲ್ಲಿ ಅಕ್ಕಿ ಪಾಯಸ ಮಾಡಿ ಕೇರಿಗೆಲ್ಲ ಹಂಚುವುದು ನಮ್ಮಲ್ಲಿ ಪದ್ಧತಿ. ಕೇಸರಿ ಬಿದ್ದು ಚಿನ್ನದ ಹಾಗೆ ಹಳದಿಯಾಗಿರಬೇಕು, ಮೇಲೆ ದಾಲ್ಚಿನ್ನಿ ಪುಡಿಯಲ್ಲಿ ಸತ್ತವರಿಗಾಗಿ ಒಂದು ಸಾಲು ಪ್ರಾರ್ಥನೆ. ಏಳನೆಯ ದಿನ ನಾನು ಮಾಡಿಸಿದ ಪಾಯಸಕ್ಕೆ ಮನೆಯಲ್ಲಿದ್ದ ಕೇಸರಿ ಸಾಲಲಿಲ್ಲ. ಬಿಳಿಚಿಕೊಂಡಿತ್ತು.

ಬಾವಿಯ ಹತ್ತಿರ ಹೆಂಗಸರು ಆಡಿಕೊಂಡದ್ದು ನನ್ನ ಕಿವಿಗೆ ಬಿತ್ತು. “ದಿಲ್‌ಶಾದ್ ಬದುಕಿದ್ದಾಗ ಎಂಥಾ ಬಣ್ಣದ ಪಾಯಸ ಕಳಿಸ್ತಿದ್ದಳು. ತಮ್ಮ ನೋಡು, ಸುಣ್ಣದ ನೀರು ಹಂಚ್ತಾನೆ.”

“ಬಣ್ಣ ಅರೆಯೋನಂತೆ ಬೇರೆ!” ಅಂತ ಇನ್ನೊಬ್ಬಳು ನಕ್ಕಳು.

ನನಗೆ ಮೈಯೆಲ್ಲ ಉರಿಯಿತು. ನಲವತ್ತನೆಯ ದಿನಕ್ಕೆ ನೋಡಿ ಅಂತ ಹಲ್ಲು ಕಡಿದೆ. ಗ್ರಂಥಶಾಲೆಯ ಕೇಸರಿ ಡಬ್ಬಿ ನನ್ನ ಕೈಯಲ್ಲೇ ಇತ್ತು. ಖೊರಾಸಾನಿನಿಂದ ಹೊಸ ಸರಕು ಹತ್ತು ದಿನದಲ್ಲಿ ಬರುವುದಿತ್ತು. ಡಬ್ಬಿಯಲ್ಲಿದ್ದುದನ್ನೆಲ್ಲ ಒಂದು ಎಳೆ ಬಿಡದೆ ಪಾಯಸಕ್ಕೆ ಹಾಕಿದೆ. ಆ ಪಾಯಸ ಸೂರ್ಯನ ಹಾಗಿತ್ತು. ಬಾವಿಯ ಹೆಂಗಸರ ಬಾಯಿ ಮುಚ್ಚಿತು. ನಲವತ್ತು ದಿನದಿಂದ ಸರಿಯಾಗಿ ಅನ್ನ ತಿನ್ನದ ಭಾವ ಎರಡು ಬಟ್ಟಲು ತಿಂದು, “ಅವಳ ಕೈಯದ್ದೇ ಅನ್ನಿಸ್ತು ಕಣೋ,” ಅಂದರು.

ಮಾರನೆಯ ದಿನ ಭಾವ ಕೆಲಸಕ್ಕೆ ಬಂದು ಕೂತರು. “ಹಸಿರು ಕೊಡು,” ಎಂದರು.

ಹತ್ತು ದಿನ ತಡೆಯಿರಿ ಅನ್ನಬೇಕಿತ್ತು. ಯಾಕೆ ಅಂತ ಕೇಳುತ್ತಿದ್ದರು. ಕೇಸರಿ ಎಲ್ಲಿ ಅಂತ ಹೇಳಬೇಕಾಗುತ್ತಿತ್ತು. ಒಂದು ಚಿಪ್ಪಿನಷ್ಟು ಹಸಿರು ತಾನೇ, ಎಲ್ಲೋ ಒಂದು ಮರದ ಎಲೆಗೋ ಗಿಳಿಗೋ ಹೋಗುತ್ತೆ ಅಂದುಕೊಂಡೆ. ಕೇಸರಿ ಹಾಕದೆ ಅರೆದುಕೊಟ್ಟೆ. ಕೇಸರಿಯ ಹಳದಿ ಬೀಳದಿದ್ದರೆ ಕಿಲುಬು ಕೊಂಚ ನೀಲಿಗೆ ತಿರುಗಿರುತ್ತದೆ. ಭಾವ ಚಿಪ್ಪನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. 

“ಇದೇ,” ಎಂದರು. “ಇದೇ ಬಣ್ಣ ಕಣೋ ಯಾದ್ಗಾರ್. ಇಷ್ಟು ವರ್ಷದಲ್ಲಿ ಇವತ್ತು ಸರಿಯಾಗಿ ಅರೆದೆ.”

ಮೂರು ದಿನ ಯಾರನ್ನೂ ಹತ್ತಿರ ಬಿಡಲಿಲ್ಲ. ನಾಲ್ಕನೆಯ ದಿನ ನನ್ನೊಬ್ಬನನ್ನೇ ಕರೆದು ಹಾಳೆ ತೋರಿಸಿದರು. ಕಿಟಕಿಯಲ್ಲಿ ನನ್ನ ಅಕ್ಕ ನಿಂತಿದ್ದಳು.

ನಮ್ಮ ಚಿತ್ರಗಳಲ್ಲಿ ಎಲ್ಲ ಹೆಂಗಸರಿಗೂ ಒಂದೇ ಮುಖ. ಹುಣ್ಣಿಮೆ ಚಂದ್ರ, ಎರಡು ಬಿಲ್ಲು, ಒಂದು ಮೊಗ್ಗು. ರಾಣಿಗೂ ಅದೇ, ದಾಸಿಗೂ ಅದೇ. ಒಬ್ಬ ನಿಜವಾದ ಹೆಂಗಸಿನ ಮುಖವನ್ನು, ಅದೂ ತನ್ನ ಹೆಂಡತಿಯದನ್ನು, ಶಾಹರ ಪುಸ್ತಕದಲ್ಲಿ ಪರಗಂಡಸರ ಕಣ್ಣಿಗೆ ಬರೆದಿಟ್ಟ ಅಂತ ತಿಳಿದರೆ ಉಸ್ತಾದನ ಮರ್ಯಾದೆ ಅಲ್ಲಿಗೇ ಮುಗಿಯಿತು. ಭಾವ ಬರೆದದ್ದೂ ಚಂದ್ರನೇ. ಆದರೆ ಆ ಚಂದ್ರನ ಗದ್ದ ಕೊಂಚ ಚೂಪು. ಕೆಳದುಟಿಯ ಕೆಳಗೆ ಎಡಕ್ಕೆ ಒಂದು ಮಚ್ಚೆ, ಸಾಸಿವೆಯಲ್ಲಿ ಹತ್ತರಲ್ಲೊಂದು ಪಾಲು. ಮೈಮೇಲೆ ಮದುವೆಯಲ್ಲಿ ನಮ್ಮ ಅವ್ವ ಕೊಟ್ಟ ಚಾದರ, ನೀಲಿಗೆ ತಿರುಗಿದ ಹಸಿರು.

ಹಸಿರಿಗೆ ಕೇಸರಿ ಬಿದ್ದಿಲ್ಲ ಅಂತ ಆಗಲೇ ಹೇಳಬಹುದಿತ್ತು. ಹೇಳಿದ್ದರೆ ಆ ಚಾದರವನ್ನು ಒದ್ದೆ ಹತ್ತಿಯಲ್ಲಿ ತೊಳೆದು ತೆಗೆಯಬೇಕಾಗುತ್ತಿತ್ತು, ಅದರ ಜೊತೆ ಮುಖವೂ ಹೋಗುತ್ತಿತ್ತು. ನಲವತ್ತನಾಲ್ಕು ದಿನದ ಮೇಲೆ ಭಾವ ಮೊದಲ ಸಲ ನಕ್ಕಿದ್ದರು.

“ನೋಡು, ಅಡುಗೆಮನೆಯಿಂದ ಇಣುಕೋ ಹಾಗೇ ಇದೆ ಅಲ್ವಾ? ನಾನು ಊಟಕ್ಕೆ ತಡ ಮಾಡಿದಾಗ.”

“ಹೂಂ ಭಾವ,” ಅಂದೆ. ಅಲ್ಲಿಂದ ಸುಮ್ಮನಾದವನು ಸುಮ್ಮನೇ ಇದ್ದೆ.

ಆ ಪುಸ್ತಕ ಮುಗಿದು ಪೆಟ್ಟಿಗೆ ಸೇರಿತು. ಅಲ್ಲಿಂದಾಚೆ ಭಾವನಿಗೆ ವರ್ಷಕ್ಕೆ ಒಂದೇ ದಿನ. ಹಬ್ಬದ ಹಿಂದಿನ ವಾರ ಪುಸ್ತಕ ಹೊರಗೆ ಬಂದಾಗ ಆ ಹಾಳೆಯ ಮುಂದೆ ಕೂತು, ಒಂದು ರೊಟ್ಟಿ ತಿನ್ನುವಷ್ಟು ಹೊತ್ತು ನೋಡುತ್ತಿದ್ದರು. ಹಾಳೆ ತಿರುಗಿಸುವ ಕೆಲಸ ನಾನೇ ಹಿಡಿದುಕೊಂಡೆ. ಮೂರನೆಯ ವರ್ಷವೇ ಹಾಳೆಯ ಬೆನ್ನಿನಲ್ಲಿ ಚಾದರದ ಆಕಾರಕ್ಕೆ ಸರಿಯಾಗಿ ಒಂದು ಕಂದು ನೆರಳು ಮೂಡಿತ್ತು. ಪ್ರತಿ ವರ್ಷ ಅದು ಗಾಢವಾಗುತ್ತಿತ್ತು. ನಾನು ಬೇಗ ತಿರುಗಿಸಿಬಿಡುತ್ತಿದ್ದೆ. ಈ ಚಳಿಗಾಲ ಪೆಟ್ಟಿಗೆ ಇಟ್ಟಿದ್ದ ನೆಲಮಾಳಿಗೆಗೆ ತೇವ ಇಳಿದು, ಇನ್ನಷ್ಟು ವರ್ಷ ತೆಗೆದುಕೊಳ್ಳಬೇಕಾಗಿದ್ದುದನ್ನು ಮೂರು ತಿಂಗಳಲ್ಲಿ ಮುಗಿಸಿಬಿಟ್ಟಿತ್ತು.

ಖಿಜರಜ್ಜ ಹೋದ ಮೇಲೆ ಮೀರ್ಜಾ ಕೂಡ ಹೋದರು. ಒಳಗೆ ನಾವಿಬ್ಬರೇ ಉಳಿದೆವು. ನಾನು ರೊಟ್ಟಿ, ಗಿಣ್ಣು ಬಿಚ್ಚಿಟ್ಟೆ. ಭಾವ ಮುಟ್ಟಲಿಲ್ಲ. ಚಿಪ್ಪು ತೆರೆದು ನನ್ನ ಕಡೆ ಚಾಚಿದರು.

“ನಿನ್ನ ಕಣ್ಣು ಚೆನ್ನಾಗಿದೆ. ಮಚ್ಚೆ ಇದೆಯಾ ನೋಡು.”

ನೋಡಿದೆ. ಬಿಳಿ ಸೀಸದ ಬಣ್ಣದಲ್ಲಿ ಬರೆದ ಮುಖ ಒಂದು ಚೂರೂ ಮುಕ್ಕಾಗಿರಲಿಲ್ಲ. “ಇದೆ ಭಾವ.”

“ಗದ್ದ?”

“ಇದೆ.”

ಅವರ ಮುಖ ಅರಳಿತು. ಅದನ್ನು ನೋಡಲಾರದೆ ನಾನು ಅರೆಯುವ ಕಲ್ಲನ್ನು ಒರೆಸತೊಡಗಿದೆ.

“ಹಾಗಾದ್ರೆ ಹೋಗಿಲ್ಲ ಬಿಡು,” ಎಂದರು. “ಮುಖ ಬರೆಯೋಕೆ ಇನ್ನು ಈ ಜನ್ಮದಲ್ಲಿ ನನ್ನಿಂದ ಆಗಲ್ಲ. ಆದರೆ ಚಾದರ ಬರೀಬಹುದು ಕಣೋ. ಅದಕ್ಕೆ ಕಣ್ಣು ಬೇಡ, ಕೈ ಸಾಕು. ಹಿಂದಿನಿಂದ ಹೊಸ ಕಾಗದ ಕೊಟ್ಟು, ಮುಖ ಅಂಟಿಸಿ, ಕೆಳಗೆ ಚಾದರ ಹೊದಿಸ್ತೀನಿ. ಹಬ್ಬಕ್ಕೆ ಮೊದಲು ಮುಗೀಬೇಕು. ಇಲ್ಲಾಂದ್ರೆ ಮೀರ್ಜಾ ಕದ ಬರೆಸಿಬಿಡ್ತಾನೆ.”

“ಆಗಲಿ ಭಾವ.”

“ಹಸಿರು ಅರೆ. ಆದರೆ ದಿನಾ ಕೊಡೋದಲ್ಲ. ಅವತ್ತಿನ ಹಸಿರು. ಅವಳ ನಲವತ್ತು ಮುಗಿದ ಮಾರನೆ ದಿನ ಕೊಟ್ಟೆಯಲ್ಲ, ಅದು. ಅದಾದ ಮೇಲೆ ಒಂದು ದಿನವೂ ನೀನು ಆ ಹಸಿರು ಕೊಡಲಿಲ್ಲ. ಎಷ್ಟು ಸಲ ಕೇಳಬೇಕು ಅಂದ್ಕೊಂಡಿದ್ದೆ.”

ನಾನು ಕಲ್ಲಿನ ಮೇಲೆ ಕಿಲುಬು ಹಾಕಿದೆ. ಕೇಸರಿ ನೀರು ಎರೆದೆ. ಹಳದಿಗೆ ತಿರುಗಿತು. ಅವರಿಗೆ ಗೊತ್ತಾಗದಿರಲಿ ಅಂತ ಒಂದು ಚೂರು ನೀಲಿ ಬೆರೆಸಿದೆ. ಕಣ್ಣು ಮಂಜಾದ ಮನುಷ್ಯ, ಇಷ್ಟಕ್ಕೆ ಒಪ್ಪುತ್ತಾರೆ ಅಂದುಕೊಂಡೆ. ನನ್ನ ಯೋಗ್ಯತೆ ಅಷ್ಟು.

ಭಾವ ಆ ಹಸಿರಿನ ಚಿಪ್ಪನ್ನು ತೆಗೆದುಕೊಂಡು ಕಿಟಕಿಗೆ ಹೋದರು. ಅಲ್ಲಿ ಹಬ್ಬಕ್ಕೆ ಮೊಳಕೆ ಹಾಕಿದ ಗೋಧಿಯ ತಟ್ಟೆ ಇತ್ತು. ಅದರ ಪಕ್ಕ ಹಿಡಿದು, ಮೂಗಿನ ಹತ್ತಿರ ತಂದು ನೋಡಿದರು.

“ಇದಲ್ಲ. ನೀಲಿ ಬೆರೆಸಿದ್ದೀಯ. ಇದು ಸುಳ್ಳು ಹೇಳ್ತಾ ಇದೆ.” ಬೈಗುಳವೇನೂ ಅಲ್ಲ, ಬಣ್ಣದ ಬಗ್ಗೆ ಹಾಗೆ ಮಾತಾಡುವುದು ಅವರ ರೂಢಿ. “ನೆನಪು ಮಾಡ್ಕೋ. ಅವತ್ತು ಏನು ಹಾಕಿದ್ದೆ?”

“ಏನೂ ಹಾಕಿರಲಿಲ್ಲ.”

“ಏನೂ ಅಂದ್ರೆ?”

“ಏನೂ ಹಾಕಿರಲಿಲ್ಲ ಭಾವ. ಬರೀ ಕಿಲುಬು.”

ಅವರು ತಿರುಗಿದರು. “ಕೇಸರಿ?”

“ಇರಲಿಲ್ಲ.”

“ಇರಲಿಲ್ಲ ಅಂದ್ರೆ? ಡಬ್ಬಿ ನಿನ್ನ ಕೈಯಲ್ಲೇ ಇತ್ತಲ್ಲೋ.”

“ಪಾಯಸಕ್ಕೆ ಹಾಕಿದೆ,” ಎಂದೆ. ಅದನ್ನೂ ಕೂಗಿಯೇ ಹೇಳಿದೆ. ಮೆಲ್ಲಗೆ ಹೇಳಲು ನನಗೆ ಬರುವುದಿಲ್ಲ. “ಅಕ್ಕನ ನಲವತ್ತರ ಪಾಯಸಕ್ಕೆ! ಎಲ್ಲಾ ಸುರಿದೆ! ಆ ಬಾವಿಕಟ್ಟೆ ಹೆಂಗಸರು ಸುಣ್ಣದ ನೀರು ಅಂದಿದ್ದರು. ನೀವು ಅವಳನ್ನ ಬರೀತೀರಿ ಅಂತ ನನಗೇನು ಕನಸು ಬಿದ್ದಿತ್ತಾ? ಮರಕ್ಕೋ ಗಿಡಕ್ಕೋ ಹಚ್ಚುತ್ತೀರಿ ಅಂದ್ಕೊಂಡೆ. ಬರೆದು ತೋರಿಸಿದಾಗ... ನೀವು ನಕ್ಕಿರಿ ಭಾವ. ಹೇಗೆ ಹೇಳಲಿ?”

ಭಾವ ಗೋಧಿ ತಟ್ಟೆಯ ಪಕ್ಕದಲ್ಲಿ ಹಸಿರಿನ ಚಿಪ್ಪು ಇಟ್ಟರು. ಬೈದರೆ ಬೈಸಿಕೊಳ್ಳೋಣ, ಹೊಡೆದರೆ ಹೊಡೆಸಿಕೊಳ್ಳೋಣ ಅಂತ ನಾನು ತಲೆ ಮುಂದಕ್ಕೆ ಚಾಚಿ ಕೂತಿದ್ದೆ.

“ನಾನೂ ತಿಂದೆ,” ಎಂದರು ಕೊನೆಗೆ.

“ಭಾವ...”

“ಎರಡು ಬಟ್ಟಲು ತಿಂದೆನಲ್ಲೋ. ಕೇಳಿ ಹಾಕಿಸಿಕೊಂಡು ತಿಂದೆ.”

ಅಂಗೈ ತೆರೆದು ಮುಖವಿದ್ದ ಚಿಪ್ಪನ್ನು ನೋಡಿದರು, ಮತ್ತೆ ಮುಚ್ಚಿದರು.

“ಖಿಜರಜ್ಜನಿಗೆ ಗೊತ್ತಾ ಇದು?”

“ಗೊತ್ತಾಗಿದೆ. ಬಾಯಿ ಬಿಡಲಿಲ್ಲ.”

“ನನ್ನ ಬಾಯಿಂದ ಕಳಿಸಿದೆ ನೀನು ಅವನನ್ನ,” ಎಂದರು. “ನಿನ್ನ ಬಾಯಿಂದ ಅಲ್ಲ. ನನ್ನ ಬಾಯಿಂದ.”

 

ಅವರು ಕುಂಚಗಳನ್ನು ಒಂದೊಂದಾಗಿ ಒರೆಸಿ ಗೂಡಿನಲ್ಲಿ ನಿಲ್ಲಿಸಿದರು, ದಿನಾ ಸಂಜೆ ನಿಲ್ಲಿಸುವ ಹಾಗೆ. ಮೇಲಂಗಿ ಹಾಕಿಕೊಂಡರು. ಮುಖದ ಚಿಪ್ಪನ್ನು ಪೇಟದ ಮಡಿಕೆಯಲ್ಲಿ ಸಿಕ್ಕಿಸಿಕೊಂಡರು. ನಾನು ಎದ್ದು, “ಎಲ್ಲಿಗೆ ಭಾವ? ಊಟ ಮಾಡಿಲ್ಲ. ನಾನೇ ಹೋಗಿ ಅಜ್ಜನ ಕಾಲು ಹಿಡೀತೀನಿ, ಮೀರ್ಜಾಗೂ ಹೇಳ್ತೀನಿ. ನೀವು ಕೂತ್ಕೊಳ್ಳಿ,” ಅಂದೆ. ತೋಳು ಹಿಡಿದೆ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಸಿಟ್ಟಿನಿಂದಲ್ಲ. ಒದ್ದೆ ಹಾಳೆಯನ್ನು ಹಲಗೆಯಿಂದ ಬಿಡಿಸುವ ಹಾಗೆ.

ಹೊಸ್ತಿಲಲ್ಲಿ ಕೂತು ಪಾದರಕ್ಷೆ ಮೆಟ್ಟಿಕೊಂಡು, ಎದ್ದು, ಅಂಗಳ ದಾಟಿ, ಬೀದಿಗೆ ಇಳಿದರು.

ಅದೇ ದಿನ ಮೀರ್ಜಾರ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಖಿಜರಜ್ಜ ಕಲ್ಲಿನ ಸಮೇತ ವಾಪಸ್ ಬಂದ. ನನ್ನನ್ನು ನೋಡಿ, “ಕೂಗಿ ಕೂಗಿ ಗಂಟಲು ಕಟ್ಟಿತಾ?” ಎಂದು ಕೇಳಿದ, ಅಷ್ಟೇ. ಕಿಟಕಿಗೆ ಎರಡು ಕದ ಬರೆದರು. ಬರೆದವರು ಬೇರೆಯವರು. ಹಬ್ಬ ಬಂತು, ಹದಿಮೂರು ದಿನ ಕಳೆದು ಗೋಧಿಯ ಮೊಳಕೆಯನ್ನು ಪದ್ಧತಿಯಂತೆ ಹರಿಯುವ ನೀರಿಗೆ ಬಿಟ್ಟೆವು. ಭಾವ ಬರಲಿಲ್ಲ. ತಬ್ರೀಜಿನ ದಾರಿಯಲ್ಲಿ, ಅಕ್ಕನ ಸಮಾಧಿಯ ಕಡೆ, ಅಂಥ ಮುದುಕನೊಬ್ಬನನ್ನು ಕಂಡೆ ಅಂತ ಒಬ್ಬ ಒಂಟೆಯವನು ಹೇಳಿದ. ಇನ್ನೊಬ್ಬ ಇಲ್ಲ ಅಂದ.

ಆ ಮಧ್ಯಾಹ್ನ ಅವರು ಬೀದಿಗೆ ಇಳಿದ ಮೇಲೆ ನಾನು ತುಂಬಾ ಹೊತ್ತು ಒಳಗೇ ನಿಂತಿದ್ದೆ. ಗಾಳಿ ಬೀಸಿತು. ಹಸಿರು ಇನ್ನೂ ಒಣಗಿರದ ಚಿಪ್ಪಿನ ಮೇಲೆ, ಮುಟ್ಟದ ರೊಟ್ಟಿಯ ಮೇಲೆ, ಬೀದಿಯ ಧೂಳು ಬಂದು ಕೂರತೊಡಗಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ಭಾವ ಬಾಗಿಲು ಹಾಕದೆ ಹೋಗಿದ್ದರು.